ಪಟ್ಟಿಯಲ್ಲಿ ಹೆಸರಿಲ್ಲದವರು: ಕೂಲಿಕಾರರ ಆರೋಗ್ಯ ವಿಮೆ ನಡೆದು ಬಂದ ದಾರಿ



1993ರ ಸೆಪ್ಟೆಂಬರ್ 30ರ ನಸುಕನ್ನು ನಮ್ಮ ಭಾಗದ ಯಾವ ಮನೆಯೂ ಮರೆತಿಲ್ಲ. ನಮ್ಮಲ್ಲಿ ಹೆಚ್ಚಿನವರು ಆಗ ಹುಟ್ಟಿರಲಿಲ್ಲ. ಆದರೂ ಕಿಲ್ಲಾರಿಯ ಭೂಕಂಪದ ಮಾತನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳುತ್ತಲೇ ಬೆಳೆದಿದ್ದೇವೆ. ಗಣಪತಿ ಕಳಿಸಿ ಬಂದು ಮಲಗಿದ ಜನ, ನಾಲ್ಕು ಗಂಟೆಗೆ ಇನ್ನೇನು ಕೆಲವೇ ನಿಮಿಷ ಇರುವಾಗ ನಡುಗಿದ ನೆಲ, ಮಣ್ಣು ಕಲ್ಲಿನ ಗೋಡೆಗಳ ಅಡಿಯಲ್ಲಿ ಹೋದ ಸಾವಿರಾರು ಜೀವ. ಔಸಾ, ಉಮರ್ಗಾ ತಾಲೂಕುಗಳ ಊರಿಗೆ ಊರೇ ನೆಲಸಮವಾಯಿತು. ಆದರೆ ಹಿರಿಯರು ಇನ್ನೊಂದು ಮಾತನ್ನೂ ಹೇಳುತ್ತಾರೆ: ಆ ದಿನ ನಮಗಾಗಿ ಎಲ್ಲರೂ ಬಂದರು. ಸೈನಿಕರು ಬಂದರು, ಡಾಕ್ಟರುಗಳು ಬಂದರು, ದೇಶ ವಿದೇಶದಿಂದ ಕಂಬಳಿ, ಔಷಧಿ, ಹಣ ಬಂತು.

ಆದರೆ ಕೆಲವು ಭೂಕಂಪಗಳು ಒಂದೇ ಮನೆಯ ಮೇಲೆ ಬೀಳುತ್ತವೆ. ಗೌಂಡಿ ಕೆಲಸದ ಅಪ್ಪ ಸಾರ್ವೆಯಿಂದ ಬಿದ್ದು ಸೊಂಟ ಮುರಿದುಕೊಳ್ಳುತ್ತಾನೆ. ಅವ್ವನಿಗೆ ಎದೆ ನೋವು ಬರುತ್ತದೆ. ಲಾತೂರಿಗೋ ಸೊಲ್ಲಾಪುರಕ್ಕೋ ಓಡಬೇಕು. ಮೊದಲು ತಾಳಿ ಒತ್ತೆ ಹೋಗುತ್ತದೆ, ಆಮೇಲೆ ಎಮ್ಮೆ, ಆಮೇಲೆ ಒಂದೆರಡು ಎಕರೆ ಹೊಲ, ಕೊನೆಗೆ ಮಗಳ ಕಾಲೇಜು. ಆ ಮನೆಯ ಮುಂದೆ ಯಾವ ಲಾರಿಯೂ ಕಂಬಳಿ ತಂದು ನಿಲ್ಲುವುದಿಲ್ಲ.

ಒಂದು ಮನೆಯ ಮೇಲೆ ಬಿದ್ದ ಭಾರವನ್ನು ನೂರು ಮನೆಗಳು ಸೇರಿ ಹೊರಬಹುದೇ? ಈ ಪ್ರಶ್ನೆಗೆ ನಮ್ಮ ದೇಶ ಕಂಡುಕೊಂಡ ಉತ್ತರಗಳಲ್ಲಿ ಆರೋಗ್ಯ ವಿಮೆಯೂ ಒಂದು. ಅದರ ಇತಿಹಾಸವನ್ನು ಓದುತ್ತಾ ಹೋದಾಗ ನಮಗೆ ಒಂದು ವಿಷಯ ಎದ್ದು ಕಂಡಿತು. ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯಷ್ಟೇ ದೊಡ್ಡದು ಇನ್ನೊಂದಿತ್ತು: ಪಟ್ಟಿಯಲ್ಲಿ ಯಾರ ಹೆಸರು ಬರೆಯಬೇಕು? ಒಂದೊಂದು ಕಾಲದಲ್ಲಿ ಒಂದೊಂದು ಪಟ್ಟಿ ಬಂತು. ಪ್ರತಿ ಸಲವೂ ಯಾರೋ ಒಳಗೆ ಬಂದರು, ಯಾರೋ ಹೊರಗೇ ಉಳಿದರು. ಹೊರಗೆ ಉಳಿದವರಲ್ಲಿ ನಮ್ಮ ಕಡೆಯವರು ಬಹಳ.

ದಯೆಯ ಕಾಲ

1956ರವರೆಗೆ ನಮ್ಮ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ನಿಜಾಮರ ಹೈದರಾಬಾದ್ ಸಂಸ್ಥಾನದ ಕಾಲದಿಂದ ಬಂದ ವ್ಯವಸ್ಥೆ ಅದು. ಭಾಷಾವಾರು ರಾಜ್ಯಗಳಾದಾಗ ಬೀದರ ಕರ್ನಾಟಕಕ್ಕೆ ಹೋಯಿತು, ನಾವು ಈ ಕಡೆ ಉಳಿದೆವು. 1982ರಲ್ಲಿ ಲಾತೂರ ಜಿಲ್ಲೆಯಾಯಿತು, 1999ರಲ್ಲಿ ಶಿರೂರ ಅನಂತಪಾಳ ಬೇರೆ ತಾಲೂಕಾಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಹೀಗೆ ಬದುಕುವ ನಮಗೆ ಗಡಿ ಎಂದರೆ ಬರೀ ನಕಾಶೆಯ ಗೆರೆ ಅಲ್ಲ. ಯಾವ ಕಾಗದ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬ ದಿನನಿತ್ಯದ ಲೆಕ್ಕ.

ಆ ಹಳೆಯ ಕಾಲದಲ್ಲಿ ಬಡವನಿಗೆ ಕಾಯಿಲೆ ಬಂದರೆ ಎರಡು ದಾರಿ: ಒಂದು ಸಾವಕಾರನ ಮನೆ, ಇನ್ನೊಂದು ಧರ್ಮದ ದವಾಖಾನೆ. ಈ ಎರಡನೆಯ ದಾರಿಯಲ್ಲಿ ಕ್ರೈಸ್ತ ಸೇವಕರ ಹೆಜ್ಜೆಗಳು ಬಹಳ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಹೋಮಿಯೋಪತಿ ಔಷಧಿ ಕೊಡತೊಡಗಿದರು. 1894ರಲ್ಲಿ ಮೀರಜಿನಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ ಆಸ್ಪತ್ರೆ ತೆರೆದರು. 1900ರಲ್ಲಿ ವೆಲ್ಲೂರಿನಲ್ಲಿ ಇಡಾ ಸ್ಕಡ್ಡರ್ ಒಂದೇ ಹಾಸಿಗೆಯ ದವಾಖಾನೆಯಿಂದ ಶುರು ಮಾಡಿದರು. ಇವರನ್ನು ನೆನೆದರೆ ನಮ್ಮ ತಲೆ ಬಾಗುತ್ತದೆ.

ಆದರೂ ಒಂದು ಮಾತು ಹೇಳಲೇಬೇಕು. ದಯೆ ಎಷ್ಟು ದೊಡ್ಡದಾದರೂ ರೋಗಿ ಅದರ ಮುಂದೆ ಕೈ ಚಾಚಿ ನಿಲ್ಲಬೇಕು. ಆಸ್ಪತ್ರೆ ಹತ್ತಿರವಿದ್ದವನಿಗೆ ಸಿಕ್ಕಿತು, ನೂರು ಮೈಲಿ ದೂರದವನಿಗೆ ಸಿಗಲಿಲ್ಲ. ಲೂಕನ ಶುಭಸಂದೇಶದಲ್ಲಿ ಬರುವ ಸಮಾರಿಯದವನ ಸಾಮತಿಯನ್ನು ನಾವೆಲ್ಲ ಬಲ್ಲೆವು. ಗಾಯಕ್ಕೆ ಎಣ್ಣೆ ಹಚ್ಚಿ ಕಟ್ಟಿದ್ದನ್ನು ನಾವು ನೆನಪಿಡುತ್ತೇವೆ, ಆಮೇಲೆ ಅವನು ಮಾಡಿದ್ದನ್ನು ಮರೆಯುತ್ತೇವೆ. ಮರುದಿನ ಅವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಮುಂಗಡ ಕೊಟ್ಟ, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ತೀರಿಸುತ್ತೇನೆಂದು ಹೊಣೆ ಹೊತ್ತ. ಗಾಯಾಳು ತಾನಾಗಿ ಯಾರಲ್ಲೂ ಬೇಡಬೇಕಾಗಲಿಲ್ಲ. ಮರುಕದ ಜೊತೆಗೆ ಒಂದು ವ್ಯವಸ್ಥೆಯೂ ಅಲ್ಲಿತ್ತು.

ಕಾರ್ಖಾನೆಯ ಗೇಟಿನ ಒಳಗೆ

ವ್ಯವಸ್ಥೆಯ ಮಾತು ಮೊದಲು ದೊಡ್ಡದಾಗಿ ಎದ್ದದ್ದು ಯುರೋಪಿನ ಕಾರ್ಖಾನೆಗಳಲ್ಲಿ. 1883ರಲ್ಲಿ ಜರ್ಮನಿ ಕಾರ್ಮಿಕರ ಕಾಯಿಲೆ ವಿಮೆಯನ್ನು ಕಾನೂನು ಮಾಡಿತು. ಕೆಲಸಗಾರ ಸ್ವಲ್ಪ, ಮಾಲೀಕ ಸ್ವಲ್ಪ ಹಣ ಹಾಕಬೇಕು, ಕಾಯಿಲೆ ಬಿದ್ದವನಿಗೆ ಆ ಗಂಟಿನಿಂದ ಚಿಕಿತ್ಸೆ. 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ಬರೆದ ವಿಶ್ವಪತ್ರ 'ರೇರುಂ ನೊವಾರುಂ' ಕೂಡ, ಕಾಯಿಲೆ, ಅಪಘಾತ, ಮುಪ್ಪಿನ ಕಾಲಕ್ಕೆ ಆಸರೆಯಾಗುವ ಕಾರ್ಮಿಕರ ಪರಸ್ಪರ ಸಹಾಯ ಸಂಘಗಳನ್ನು ಬೆಂಬಲಿಸಿತು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ನೀಲನಕ್ಷೆ ಹಾಕಿದವರು ಪ್ರೊಫೆಸರ್ ಬಿ. ಪಿ. ಅಡಾರಕರ್. 1944ರಲ್ಲಿ ಅವರು ಕೊಟ್ಟ ವರದಿಯ ಆಧಾರದ ಮೇಲೆ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಬಂತು. ನಾವೆಲ್ಲ ಇ.ಎಸ್.ಐ. ಎಂದು ಕರೆಯುವುದು ಇದನ್ನೇ. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ದೆಹಲಿಯಲ್ಲೂ ಅಂದೇ ಆರಂಭವಾಯಿತು. ಇದು ಸಣ್ಣ ಕೆಲಸವಲ್ಲ. ಕಾಯಿಲೆ ಬಿದ್ದ ಕಾರ್ಮಿಕನಿಗೆ ಔಷಧಿಯ ಜೊತೆಗೆ, ಕೆಲಸಕ್ಕೆ ಹೋಗಲಾಗದ ದಿನಗಳ ಸಂಬಳದ ಒಂದು ಪಾಲನ್ನೂ ಕೊಡುವ ಯೋಜನೆ ಅದು.

ಆದರೆ ಆ ಕಾಯಿದೆಯಲ್ಲಿ ಒಂದು ಸಣ್ಣ ಮಾತಿತ್ತು. ಋತುಮಾನದ ಕಾರ್ಖಾನೆಗಳಿಗೆ ಇದು ಅನ್ವಯಿಸುವುದಿಲ್ಲ. ಋತುಮಾನದ ಕಾರ್ಖಾನೆ ಎಂದರೆ ಯಾವುದು? ಹತ್ತಿ ಜಿನ್ನಿಂಗ್, ಹತ್ತಿ ಪ್ರೆಸ್ಸು, ಶೇಂಗಾ ಸುಲಿಯುವುದು, ಸಕ್ಕರೆ, ಬೆಲ್ಲ, ಹೀಗೆ ಪಟ್ಟಿ ಸಾಗುತ್ತದೆ. ಓದುತ್ತಾ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇವೆಲ್ಲ ನಮ್ಮ ಸೀಮೆಯ ಕೆಲಸಗಳೇ ಅಲ್ಲವೇ? ಮುಂಬಯಿಯ ಬಟ್ಟೆ ಗಿರಣಿಯಲ್ಲಿ ನೂಲುವವನ ಹೆಸರು ಪಟ್ಟಿಯಲ್ಲಿ ಬಂತು. ಆ ಗಿರಣಿಗೆ ಹತ್ತಿ ಕಳಿಸುವ ಜಿನ್ನಿನಲ್ಲಿ ದುಡಿಯುವವಳ ಹೆಸರು ಬರಲಿಲ್ಲ. ಹೊಲದ ಕೂಲಿಯವರು ಮೊದಲೇ ಲೆಕ್ಕದಲ್ಲಿ ಇರಲಿಲ್ಲ. ಕಬ್ಬು ಕಡಿಯುವವರಂತೂ ಇಮ್ಮಡಿ ಹೊರಗೆ. ಕಾರ್ಖಾನೆಯೇ ಕಾಯಿದೆಯ ಹೊರಗೆ, ಇವರನ್ನು ಕೆಲಸಕ್ಕೆ ಕರೆದೊಯ್ಯುವವನು ಕಾರ್ಖಾನೆಯವನಲ್ಲ, ಮುಕಾದಮ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಋತುಮಾನದ ಕಾರ್ಖಾನೆಯನ್ನು ಬಿಡುವ ಮಾತು ಹಾಗೇ ಉಳಿದಿದೆ.

ಜೋಳದ ವಿಮೆ, ಅರವತ್ತು ರೂಪಾಯಿಯ ವಿಮೆ

ಸಂಬಳದ ಚೀಟಿ ಇಲ್ಲದವರಿಂದ ವಿಮೆಯ ಹಣ ಹೇಗೆ ಕೂಡಿಸುವುದು? ಇದಕ್ಕೆ ಮಹಾರಾಷ್ಟ್ರದಲ್ಲೇ ಒಂದು ಚೆಂದದ ಉತ್ತರ ಹುಟ್ಟಿತು. ವರ್ಧಾ ಜಿಲ್ಲೆಯ ಸೇವಾಗ್ರಾಮದ ಕಸ್ತೂರಬಾ ಆಸ್ಪತ್ರೆಯ ಡಾಕ್ಟರ್ ಉಲ್ಹಾಸ್ ಜಾಜೂ ಮತ್ತು ಅವರ ಸಂಗಡಿಗರು 1980ರ ಆಸುಪಾಸಿನಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಜೋಳದ ವಿಮೆ ನಡೆಸಿದರು. ಸುಗ್ಗಿಯಲ್ಲಿ ಮನೆಮನೆಯಿಂದ ಜೋಳ. ಹೊಲ ಇದ್ದವರು ಹೊಲಕ್ಕೆ ತಕ್ಕಂತೆ ಹೆಚ್ಚು, ಇಲ್ಲದವರು ಕಡಿಮೆ. ಊರಿನ ಬಹುಪಾಲು ಮನೆ ಸೇರಿದರೆ ಮಾತ್ರ ಊರಿಗೆ ವಿಮೆ. ಬೇನೆ ಬಿದ್ದಾಗ ಮಾತ್ರ ಸೇರುತ್ತೇನೆ ಎಂದರೆ ಗಂಟು ಉಳಿಯುವುದಿಲ್ಲ, ಆರೋಗ್ಯವಂತರೂ ಸೇರಬೇಕು ಎಂಬುದು ಇದರ ಹಿಂದಿನ ತಿಳಿವಳಿಕೆ. ವಿಮೆಯ ಗುಟ್ಟೆಲ್ಲ ಇದರಲ್ಲೇ ಇದೆ. ನಮ್ಮ ಅವ್ವಂದಿರು ನಡೆಸುವ ಭಿಶಿ, ಬಚತ್ ಗಟಗಳಿಗೂ ಇದಕ್ಕೂ ಒಂದೇ ವ್ಯತ್ಯಾಸ: ಭಿಶಿಯಲ್ಲಿ ಹಾಕಿದ ಹಣ ಸರದಿಯಂತೆ ತಿರುಗಿ ಬರುತ್ತದೆ, ವಿಮೆಯಲ್ಲಿ ಹಣ ತಿರುಗಿ ಬರಲಿಲ್ಲವೆಂದರೆ ದೇವರು ಆರೋಗ್ಯ ಕೊಟ್ಟ ಎಂದು ಸಂತೋಷಪಡಬೇಕು.

ಕರ್ನಾಟಕ 2003ರಲ್ಲಿ ಇದೇ ದಾರಿಯನ್ನು ದೊಡ್ಡದು ಮಾಡಿತು. ಹೃದಯ ತಜ್ಞ ಡಾಕ್ಟರ್ ದೇವಿ ಶೆಟ್ಟಿ ಅವರ ಆಲೋಚನೆ, ಸಹಕಾರ ಇಲಾಖೆಯ ಜಾಲ, ಎರಡೂ ಸೇರಿ 'ಯಶಸ್ವಿನಿ' ಹುಟ್ಟಿತು. ಆರಂಭದಲ್ಲಿ ತಲೆಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹಾಲಿನ ಡೇರಿ, ಪತ್ತಿನ ಸೊಸೈಟಿಗಳೇ ಹೆಸರು ಬರೆದುಕೊಂಡವು. ಐದು ರೂಪಾಯಿಯ ಬಲದಿಂದ ಸಣ್ಣ ರೈತರು ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆದರೆ ಇಲ್ಲೂ ಒಂದು ಗೆರೆ ಇತ್ತು. ಸಹಕಾರ ಸಂಘದ ಸದಸ್ಯನಾಗಿರಬೇಕು. ಹಸುವೂ ಇಲ್ಲ, ಹೊಲವೂ ಇಲ್ಲ ಎನ್ನುವವನಿಗೆ ಯಾವ ಸಂಘ? ಶಸ್ತ್ರಚಿಕಿತ್ಸೆ ಬೇಕಿಲ್ಲದ ಜ್ವರ, ಕ್ಷಯ, ಸಕ್ಕರೆ ಕಾಯಿಲೆಗೆ ಯಾವ ಕಾರ್ಡು? 2018ರಲ್ಲಿ ನಿಂತ ಈ ಯೋಜನೆ 2022ರಲ್ಲಿ ಮತ್ತೆ ಶುರುವಾಯಿತು.

ಕಾರ್ಡಿನ ಕಾಲ

2008ರಲ್ಲಿ ಕೇಂದ್ರದ ಕಾರ್ಮಿಕ ಇಲಾಖೆ 'ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ' ತಂದಿತು. ಕಾರ್ಖಾನೆಯ ಗೇಟಿನ ಹೊರಗೆ ಉಳಿದವರಿಗಾಗಿಯೇ ದೇಶದ ಮಟ್ಟದಲ್ಲಿ ಹೊರಟ ದೊಡ್ಡ ಯೋಜನೆ ಇದು. ಬಡತನ ರೇಖೆಯ ಕೆಳಗಿನ ಕುಟುಂಬ 30 ರೂಪಾಯಿ ಕಟ್ಟಿದರೆ ಐದು ಜನರಿಗೆ ಸ್ಮಾರ್ಟ್ ಕಾರ್ಡು, ವರ್ಷಕ್ಕೆ 30,000 ರೂಪಾಯಿವರೆಗೆ ಆಸ್ಪತ್ರೆ ಖರ್ಚು. ಆರನೆಯವನು? ಅವನ ಹೆಸರಿಗೆ ಜಾಗವಿರಲಿಲ್ಲ. ಅಜ್ಜಿಯನ್ನು ಬಿಡಬೇಕೋ ಕೂಸನ್ನು ಬಿಡಬೇಕೋ ಎಂದು ದೊಡ್ಡ ಕುಟುಂಬದವರು ಯೋಚಿಸಬೇಕಿತ್ತು.

2010ರಲ್ಲಿ ಕರ್ನಾಟಕ ನಮ್ಮ ನೆರೆಯ ಗುಲಬರ್ಗಾ ವಿಭಾಗದಲ್ಲೇ 'ವಾಜಪೇಯಿ ಆರೋಗ್ಯಶ್ರೀ' ಆರಂಭಿಸಿತು. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟಗಾಯದಂಥ ದೊಡ್ಡ ಕಾಯಿಲೆಗಳಿಗೆ ಒಂದೂವರೆ ಲಕ್ಷದವರೆಗೆ ಉಚಿತ ಚಿಕಿತ್ಸೆ. ಇದರಲ್ಲಿ ಪ್ರತ್ಯೇಕ ನೋಂದಣಿಯೂ ಇರಲಿಲ್ಲ, ಹಣವೂ ಕಟ್ಟಬೇಕಿರಲಿಲ್ಲ. ಬಿ.ಪಿ.ಎಲ್. ಕಾರ್ಡೇ ಸಾಕು. ಆಸ್ಪತ್ರೆಯವರೇ ಹಳ್ಳಿಗೆ ಬಂದು ಶಿಬಿರ ಹಾಕಿ ರೋಗಿಗಳನ್ನು ಹುಡುಕಿದರು. ಇದರ ಫಲವನ್ನು ಸಂಶೋಧಕರು ಯೋಜನೆ ಇದ್ದ ಹಳ್ಳಿ, ಇಲ್ಲದ ಅಕ್ಕಪಕ್ಕದ ಹಳ್ಳಿ ಎಂದು ಅರವತ್ತು ಸಾವಿರದಷ್ಟು ಮನೆಗಳಲ್ಲಿ ವಿಚಾರಿಸಿ ಅಳೆದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆ ವರದಿಯಂತೆ, ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಇವು ಬರೀ ಅಂಕಿಗಳಲ್ಲ. ಒಂದು ಗೆರೆಯ ಈ ಬದಿ ಇದ್ದ ಅಪ್ಪ ಬದುಕಿದ, ಆ ಬದಿ ಇದ್ದ ಅಪ್ಪ ಹೋದ ಎಂಬ ಕಥೆ.

ಗಡಿಯ ಈ ಕಡೆ ಮಹಾರಾಷ್ಟ್ರ 2012ರ ಜುಲೈನಲ್ಲಿ 'ರಾಜೀವ್ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆ'ಯನ್ನು ಎಂಟು ಜಿಲ್ಲೆಗಳಲ್ಲಿ ಶುರು ಮಾಡಿತು. ನೆರೆಯ ನಾಂದೇಡ, ಸೊಲ್ಲಾಪುರ ಅದರಲ್ಲಿದ್ದವು, ಲಾತೂರ ಇರಲಿಲ್ಲ. 2013ರ ನವೆಂಬರಿನಲ್ಲಿ ಅದು ಇಡೀ ರಾಜ್ಯಕ್ಕೆ ಬಂದಾಗ ನಮಗೂ ಸಿಕ್ಕಿತು. ಹಳದಿ ಮತ್ತು ಕೇಶರಿ ರೇಷನ್ ಕಾರ್ಡಿನವರಿಗೆ ಒಂದೂವರೆ ಲಕ್ಷದವರೆಗೆ ಚಿಕಿತ್ಸೆ. 2017ರಲ್ಲಿ ಇದಕ್ಕೆ ಮಹಾತ್ಮ ಜ್ಯೋತಿಬಾ ಫುಲೆ ಅವರ ಹೆಸರಿಟ್ಟರು. 2018ರ ಸೆಪ್ಟೆಂಬರ್ 23ರಂದು ಕೇಂದ್ರದ 'ಆಯುಷ್ಮಾನ್ ಭಾರತ್' ಬಂತು. ಕುಟುಂಬಕ್ಕೆ 5 ಲಕ್ಷ, ಮನೆಯಲ್ಲಿ ಎಷ್ಟು ಜನರಿದ್ದರೂ ಸರಿ. ಆರನೆಯವನಿಗೆ ಕೊನೆಗೂ ಜಾಗ ಸಿಕ್ಕಿತು. ಆದರೆ ಅದರ ಪಟ್ಟಿ 2011ರ ಸಾಮಾಜಿಕ ಆರ್ಥಿಕ ಗಣತಿಯದು. ಅದರಲ್ಲಿ ಬಿಟ್ಟುಹೋದವರು ಇಲ್ಲೂ ಬಿಟ್ಟುಹೋದರು. 2024ರ ಜುಲೈಯಿಂದ ಮಹಾರಾಷ್ಟ್ರ ತನ್ನ ಫುಲೆ ಯೋಜನೆಯ ರಕ್ಷಣೆಯನ್ನೂ 5 ಲಕ್ಷಕ್ಕೆ ಏರಿಸಿ, ಎಲ್ಲ ಬಣ್ಣದ ರೇಷನ್ ಕಾರ್ಡಿನವರಿಗೂ ತೆರೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ 70 ದಾಟಿದ ಎಲ್ಲ ಹಿರಿಯರನ್ನೂ ಆಯುಷ್ಮಾನ್‌ಗೆ ಸೇರಿಸಿತು.

ಇಷ್ಟಾದರೂ ಹೊರಗೆ ಯಾರು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 29ರಲ್ಲಿ ಮಾತ್ರ ಒಬ್ಬರಿಗಾದರೂ ಆರೋಗ್ಯ ವಿಮೆ ಇತ್ತು. 2019-21ರಲ್ಲಿ ಅದು 41 ಆಯಿತು. ಏರಿಕೆ ದೊಡ್ಡದೇ. ಆದರೂ ಆಗಲೂ ಅರ್ಧಕ್ಕಿಂತ ಹೆಚ್ಚು ಮನೆಗಳು ಹೊರಗಿದ್ದವು.

ವಿಮೆ ಇದ್ದರೂ ಎಲ್ಲವೂ ಸರಿಹೋಗುವುದಿಲ್ಲ ಎಂಬುದಕ್ಕೆ ನೆರೆಯ ಬೀಡ ಜಿಲ್ಲೆ ಒಂದು ನೋವಿನ ಪಾಠ. ಅಲ್ಲಿ ಕಬ್ಬು ಕಡಿಯಲು ಹೋಗುವ ಹೆಣ್ಣುಮಕ್ಕಳು ಗರ್ಭಕೋಶ ತೆಗೆಸಿಕೊಳ್ಳುವುದು ಹೆಚ್ಚಾಗಿದೆ ಎಂಬ ಸುದ್ದಿ 2019ರಲ್ಲಿ ಎದ್ದಾಗ, ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ಸರಕಾರ ಸಮಿತಿ ನೇಮಿಸಿತು. 82 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಜನ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ಕಂಡಿತು. ಗಂಡ ಹೆಂಡತಿ ಸೇರಿ ಒಂದು 'ಕೋಯತಾ'. ಮುಂಗಡ ತೆಗೆದುಕೊಂಡ ಮೇಲೆ ಒಂದು ದಿನ ಕೆಲಸ ತಪ್ಪಿದರೆ ದಂಡ. ಹೀಗಿರುವಾಗ ಮುಟ್ಟಿನ ನೋವಿಗೆ, ಸಣ್ಣ ಸೋಂಕಿಗೆ ಒಬ್ಬ ಒಳ್ಳೆಯ ಡಾಕ್ಟರಮ್ಮ ಹತ್ತಿರದಲ್ಲಿ ಸಿಗದಿದ್ದರೆ, ಇದ್ದದ್ದನ್ನೇ ತೆಗೆಸಿಬಿಡೋಣ ಎಂಬಲ್ಲಿಗೆ ಮಾತು ಮುಟ್ಟುತ್ತದೆ. ನಮ್ಮ ಕಾರ್ಡುಗಳೆಲ್ಲ ದಾಖಲಾದ ಮೇಲಿನ ಖರ್ಚಿಗೆ. ದಾಖಲಾಗುವ ಮೊದಲಿನ ಆರೈಕೆ, ದಿನನಿತ್ಯದ ಬಿ.ಪಿ. ಮಾತ್ರೆ, ಕಳೆದುಹೋದ ಕೂಲಿ, ಇವು ಯಾವುದಕ್ಕೂ ಅಲ್ಲ. ಕೂಲಿಯ ನಷ್ಟವನ್ನು ತುಂಬುವ ಮಾತು ಆ 1948ರ ಕಾಯಿದೆಯಲ್ಲಿತ್ತು. ಅದು ಗೇಟಿನ ಒಳಗಿನವರಿಗೆ ಮಾತ್ರ ಸಿಕ್ಕಿತು.

ನಾವು ಏನು ಮಾಡಬಹುದು?

ಇತಿಹಾಸ ಓದಿ ನಿಟ್ಟುಸಿರು ಬಿಟ್ಟರೆ ಸಾಲದು. ಹೆಸರು ಬರೆಸುವ ಕೆಲಸ ನಮ್ಮ ಕೈಯಲ್ಲೂ ಇದೆ. ನಮ್ಮಲ್ಲಿ ಬಹುತೇಕರಿಗೆ ಮರಾಠಿ ಓದಲು ಬರುತ್ತದೆ, ಮೊಬೈಲ್ ಇದೆ. ನಮ್ಮ ಅಜ್ಜಿಯರಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಆ ನಡುವಿನ ಸೇತುವೆ ನಾವೇ.

ಮೊದಲು ರೇಷನ್ ಕಾರ್ಡು ನೋಡೋಣ. ಮದುವೆಯಾಗಿ ಬಂದ ಸೊಸೆಯ ಹೆಸರು, ಹುಟ್ಟಿದ ಕೂಸಿನ ಹೆಸರು ಸೇರಿದೆಯೇ? ಗಡಿಯಾಚೆ ಔರಾದ, ಭಾಲ್ಕಿ ಕಡೆಯಿಂದ ಬಂದ ಹೆಣ್ಣುಮಕ್ಕಳ ಹೆಸರು ಎಷ್ಟೋ ಸಲ ತವರಿನ ಕಾರ್ಡಿನಲ್ಲೇ ಉಳಿದಿರುತ್ತದೆ. ಅಲ್ಲಿ ತೆಗೆಸಿ ಇಲ್ಲಿ ಸೇರಿಸಬೇಕು. ಆಧಾರದಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಎಂದಾದರೆ, ಆಸ್ಪತ್ರೆಯ ಬಾಗಿಲಲ್ಲಿ ಅಲ್ಲ, ಈಗಲೇ ಸರಿಪಡಿಸೋಣ. ಆಯುಷ್ಮಾನ್ ವಿಚಾರಕ್ಕೆ 14555, ಫುಲೆ ಯೋಜನೆಗೆ 155388, ಈ ಎರಡು ಸಂಖ್ಯೆಗಳನ್ನು ಮನೆಯ ಗೋಡೆಯ ಮೇಲೆ ಬರೆದಿಡೋಣ. ಆಸ್ಪತ್ರೆಗೆ ಹೋದ ಕೂಡಲೇ ಹಣ ಕಟ್ಟುವ ಮೊದಲು ಅಲ್ಲಿನ 'ಆರೋಗ್ಯ ಮಿತ್ರ' ಯಾರೆಂದು ಕೇಳೋಣ.

ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದ ಅಣ್ಣ ಅಕ್ಕಂದಿರು ಸಂಬಳದ ಚೀಟಿ ತೆಗೆದು ನೋಡಲಿ. ತಿಂಗಳ ಸಂಬಳ 21,000ದ ಒಳಗಿದ್ದು, ಕಂಪನಿಯಲ್ಲಿ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿದ್ದರೆ ಸಾಮಾನ್ಯವಾಗಿ ಇ.ಎಸ್.ಐ. ಇರಬೇಕು. 12,000 ಸಂಬಳಕ್ಕೆ ನಮ್ಮ ಪಾಲು 90 ರೂಪಾಯಿ, ಮಾಲೀಕರ ಪಾಲು 390. ಕಡಿತವಾಗುತ್ತಿದೆ, ಆದರೆ ನಮ್ಮ ವಿಮಾ ಸಂಖ್ಯೆ ಏನೆಂದು ಗೊತ್ತಿಲ್ಲ ಎನ್ನುವವರು ನಮ್ಮಲ್ಲೇ ಇದ್ದಾರೆ. ಕೇಳುವುದು ತಪ್ಪಲ್ಲ. ಅದು ಯಾರ ದಯೆಯೂ ಅಲ್ಲ, ನಮ್ಮ ದುಡಿಮೆಯ ಹಣ.

ದಸರೆ ದೀಪಾವಳಿ ಮುಗಿಯುತ್ತಲೇ ಟೋಳಿಗಳು ಕಬ್ಬಿಗೆ ಹೊರಡುತ್ತವೆ, ಎಷ್ಟೋ ಟೋಳಿಗಳು ಗಡಿ ದಾಟಿ ಕರ್ನಾಟಕದ ಕಾರ್ಖಾನೆಗಳಿಗೇ ಹೋಗುತ್ತವೆ. ಹೊರಡುವ ಮೊದಲೇ ಅವರ ಕಾರ್ಡು ನೋಡಿ, ಅದು ಆ ಕಡೆಯ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ವಿಚಾರಿಸಿ, ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಅದೇ ದೊಡ್ಡ ಸೇವೆ.

ಕ್ರಿಸ್ಮಸ್ ಬಂದಾಗ ನಾವು ಗೋದಲಿ ಕಟ್ಟುತ್ತೇವೆ. ಆ ಹೊತ್ತಿಗೆ ಕಬ್ಬಿನ ಟೋಳಿಗಳು ಯಾವುದೋ ಊರಿನ ಹೊಲದ ಬದಿಯಲ್ಲಿ ಗುಡಿಸಲು ಹಾಕಿಕೊಂಡಿರುತ್ತವೆ. ತುಂಬು ಗರ್ಭಿಣಿಯರೂ ಅಲ್ಲಿರುತ್ತಾರೆ. ಮರಿಯಮ್ಮನವರೂ ಜೋಸೆಫರೂ ಅಂದು ಬೆತ್ಲೆಹೇಮಿಗೆ ನಡೆದದ್ದು ಹೆಸರು ಬರೆಸಲಿಕ್ಕೇ. ಹೆಸರಿಗೆ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಹೆರಿಗೆಗೆ ಛತ್ರದಲ್ಲಿ ಜಾಗ ಸಿಗಲಿಲ್ಲ. ನಮ್ಮ ಜನರಿಗೆ ಎರಡೂ ಸಿಗಬೇಕು. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಒಂದರ್ಧ ಗಂಟೆ ಕೂಡೋಣ, ಬರುವಾಗ ನಿಮ್ಮ ಮನೆಯ ರೇಷನ್ ಕಾರ್ಡು ತನ್ನಿ. ಪಕ್ಕದ ಮನೆಯವರದ್ದನ್ನೂ ಕೇಳಿ ತನ್ನಿ, ಅವರು ಯಾವ ಧರ್ಮದವರಾದರೂ ಸರಿ.